ಚಿನ್ನಸ್ವಾಮಿಯಿಂದ ಮನೆಗೆ: ರಾತ್ರಿ ಪಂದ್ಯ ಮುಗಿದ ಮೇಲೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೇರುವ ಬಗೆ

ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದಿಂದ ನಮ್ಮ ಮೂರೂ ಊರುಗಳು ಅರವತ್ತು, ಎಪ್ಪತ್ತು ಕಿ.ಮೀ. ಆಸುಪಾಸಿನಲ್ಲಿವೆ. ಹಗಲಾದರೆ ಎರಡು ಗಂಟೆಯ ಮಾತು. ಅದೇ ದಾರಿ ರಾತ್ರಿ ಹನ್ನೆರಡಕ್ಕೆ ಬೇರೆಯದೇ ಆಗಿರುತ್ತದೆ. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಹೊರಬೀಳುತ್ತಾರೆ, ಮೆಟ್ರೊ ಬಾಗಿಲಲ್ಲಿ ಸಾಲು, ಮೊಬೈಲಿಗೆ ಸಿಗ್ನಲ್ ಇಲ್ಲ, ಬಸ್ ಹತ್ತಲು ಹೋದರೆ ಕಂಡಕ್ಟರ್ 'ಲಾಂಗ್ ಹೋಗೋರು ಮಾತ್ರ' ಅನ್ನುತ್ತಾರೆ. ಇದೆಲ್ಲ ಪ್ರತಿ ಪಂದ್ಯಕ್ಕೂ ಆಗುವುದೇ. ಆದ್ದರಿಂದ ಹೋಗುವ ಮೊದಲೇ ಬರುವ ದಾರಿ ಗೊತ್ತುಮಾಡಿಕೊಳ್ಳಬೇಕು. ಲೆಕ್ಕವನ್ನು ಊರಿನ ಬಸ್ಸಿನಿಂದ ಹಿಂದಕ್ಕೆ ಹಾಕುತ್ತಾ ಬರಬೇಕು.

ಗಡಿಯಾರದ ಲೆಕ್ಕ

ಐಪಿಎಲ್‌ನ ರಾತ್ರಿ ಪಂದ್ಯ 7:30ಕ್ಕೆ ಶುರು. ನಿಯಮದ ಪ್ರಕಾರ ಒಂದು ಇನಿಂಗ್ಸ್‌ಗೆ 90 ನಿಮಿಷ. ಎರಡೂವರೆ ನಿಮಿಷದ ಎರಡು ಟೈಮ್‌ಔಟ್ ಅದರಲ್ಲೇ ಸೇರಿವೆ. ನಡುವೆ 20 ನಿಮಿಷ ವಿರಾಮ. ಹೀಗೆ ಕೂಡಿದರೆ 10:50ಕ್ಕೆ ಮುಗಿಯಬೇಕು. ಆದರೆ ರಿವ್ಯೂ, ಗಾಯ, ಫೀಲ್ಡಿಂಗ್ ಬದಲಾವಣೆ ಎಂದು ಎಳೆದು ಸಾಮಾನ್ಯವಾಗಿ 11:15ರಿಂದ 11:30 ಆಗುತ್ತದೆ. ಸೂಪರ್ ಓವರ್ ಬಂದರೆ ಇನ್ನೂ ಹೊತ್ತು. ಮಳೆ ಬಂದರಂತೂ ಲೆಕ್ಕವೇ ಇಲ್ಲ.

11:20ಕ್ಕೆ ಮುಗಿಯಿತು ಅಂದುಕೊಳ್ಳಿ. ಸ್ಟ್ಯಾಂಡಿನಿಂದ ರಸ್ತೆಗೆ ಬರಲು 15–20 ನಿಮಿಷ, ಮೆಟ್ರೊ ನಿಲ್ದಾಣಕ್ಕೆ ನಡೆಯಲು 15, ಅಲ್ಲಿ ತಪಾಸಣೆ ಮತ್ತು ಸಾಲಿಗೆ 15–20, ಮೆಜೆಸ್ಟಿಕ್‌ವರೆಗಿನ ರೈಲಿಗೆ ಸುಮಾರು 10, ಅಲ್ಲಿಂದ ಕೆಎಸ್‌ಆರ್‌ಟಿಸಿ ಅಂಕಣಕ್ಕೆ ಇನ್ನೊಂದು 10. ಅಲ್ಲಿಗೆ 12:30. ಊರು ತಲುಪುವಾಗ ಎರಡು ಗಂಟೆ ದಾಟಿರುತ್ತದೆ. ಮನೆಯವರಿಗೆ 'ಹನ್ನೆರಡೂವರೆಗೆ ಬಂದುಬಿಡ್ತೀನಿ' ಎಂದು ಹೇಳಿ ಹೋಗಬೇಡಿ. ಎರಡೂವರೆ ಎಂದೇ ಹೇಳಿ.

ಹಾಗಾದರೆ ಬೇಗ ಏಳಬೇಕೆ? ಒಂದು ಓವರಿಗೆ ನಾಲ್ಕೂಕಾಲು ನಿಮಿಷ ಹಿಡಿಯಿರಿ. ಹದಿನೇಳನೇ ಓವರ್ ಮುಗಿದಾಗ ಎದ್ದರೆ ಸಿಗುವುದು ಹದಿಮೂರು ನಿಮಿಷ, ಆದರೆ ಜನಜಂಗುಳಿಗೆ ಮೊದಲು ಮೆಟ್ರೊ ಒಳಗೆ ಸೇರಿಬಿಡುವುದರಿಂದ ಉಳಿಯುವುದು ಮುಕ್ಕಾಲು ಗಂಟೆಯ ಹತ್ತಿರ. ಜೊತೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದರೆ ಈ ಹದಿಮೂರು ನಿಮಿಷದ ಆಟ ಬಿಟ್ಟುಕೊಡುವುದೇ ಸರಿ. ನಾಲ್ಕೇ ಹುಡುಗರು ಹೋಗಿದ್ದರೆ ಕೊನೆಯ ಚೆಂಡಿನವರೆಗೂ ನೋಡಿ, ಆದರೆ ಬಹುಮಾನ ವಿತರಣೆಗೆ ನಿಲ್ಲಬೇಡಿ. ಒಮ್ಮೆ ಹೊರಬಂದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂಬುದು ನೆನಪಿರಲಿ.

ಶನಿವಾರ, ಭಾನುವಾರದ 3:30ರ ಪಂದ್ಯವಾದರೆ ಏಳೂವರೆಗೆಲ್ಲ ಮುಗಿಯುತ್ತದೆ. ದೂರದ ಊರಿನವರು ಟಿಕೆಟ್ ಆರಿಸಿಕೊಳ್ಳುವ ಅವಕಾಶ ಇದ್ದಾಗ ಇದನ್ನೇ ತೆಗೆದುಕೊಳ್ಳಬೇಕು. ಊರಿಗೆ ಹತ್ತು ನಿಮಿಷಕ್ಕೊಂದು ಬಸ್ ಇರುವ ಹೊತ್ತು ಅದು.

ಜೇಬಿನಲ್ಲಿ ಏನಿರಬೇಕು

ಕ್ರೀಡಾಂಗಣದೊಳಗೆ ಪವರ್ ಬ್ಯಾಂಕ್, ಬ್ಯಾಗು, ನೀರಿನ ಬಾಟಲಿ ಬಿಡುವುದಿಲ್ಲ. ಹೀಗಾಗಿ ರಾತ್ರಿ ಹನ್ನೊಂದೂವರೆಗೆ ಮೊಬೈಲಿನಲ್ಲಿ ಉಳಿದಷ್ಟೇ ಚಾರ್ಜು. ವಿಡಿಯೊ ತೆಗೆಯುತ್ತಾ 10 ಪರ್ಸೆಂಟಿಗೆ ಇಳಿಸಿಕೊಂಡವರು ಬಸ್ ನಿಲ್ದಾಣದಲ್ಲಿ ಒದ್ದಾಡುತ್ತಾರೆ. 40ಕ್ಕೆ ಇಳಿದಾಗ ಕ್ಯಾಮೆರಾ ಮುಚ್ಚಿಬಿಡಿ. ಸಾವಿರಾರು ಫೋನುಗಳು ಅದೇ ಒಂದೆರಡು ಟವರಿಗೆ ಜೋತುಬೀಳುವುದರಿಂದ ಪಂದ್ಯ ಮುಗಿದ ಅರ್ಧ ಗಂಟೆ ಯುಪಿಐ, ಮ್ಯಾಪು, ಕ್ಯಾಬ್ ಆ್ಯಪು ಯಾವುದೂ ಸರಿಯಾಗಿ ಓಡುವುದಿಲ್ಲ. ಸಿಗ್ನಲ್ ಕಡ್ಡಿ ತುಂಬಿ ಕಂಡರೂ ಡೇಟಾ ಬರುವುದಿಲ್ಲ. ಅದಕ್ಕಾಗಿ ತಲಾ ₹500 ನಗದು ಇಟ್ಟುಕೊಳ್ಳಿ. ನಾಣ್ಯ ಒಳಗೆ ಬಿಡದಿರುವುದೂ ಉಂಟು, ಆದ್ದರಿಂದ ₹10, ₹20, ₹50ರ ನೋಟುಗಳಿರಲಿ.

ಮೆಟ್ರೊಗೆ ಸ್ಮಾರ್ಟ್ ಕಾರ್ಡ್ ಉತ್ತಮ. ತಲೆಗೊಂದು ಕಾರ್ಡು ಬೇಕು. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು. ಕಾರ್ಡಿನಲ್ಲಿ ದುಡ್ಡು ಕಡಿಮೆ ಇದ್ದರೆ ಗೇಟು ತೆರೆಯುವುದೇ ಇಲ್ಲ, ಹಿಂದೆ ನೂರು ಜನ ನಿಂತಿರುತ್ತಾರೆ. ಬೆಳಿಗ್ಗೆಯೇ ₹150ರಷ್ಟು ಇರುವಂತೆ ನೋಡಿಕೊಳ್ಳಿ. ಕಾರ್ಡು ಇಲ್ಲದವರಿಗಾಗಿ ಪಂದ್ಯದ ದಿನ ಮೆಟ್ರೊ ನಿಗಮ ವಾಪಸ್ ಪ್ರಯಾಣದ ಕಾಗದದ ಟಿಕೆಟ್ ಮಾರುವುದುಂಟು. ಅದನ್ನು ಹೋಗುವಾಗಲೇ ಕೊಂಡಿಡಿ. ಬರುವಾಗ ಟೋಕನ್ ಸಾಲಿಗೆ ನಿಂತರೆ ಅಲ್ಲೇ ಅರ್ಧ ಗಂಟೆ ಹೋಯಿತು.

ಪಂದ್ಯದ ದಿನ ಕೊನೆಯ ಮೆಟ್ರೊ ಸಮಯವನ್ನು ವಿಸ್ತರಿಸುವುದು ರೂಢಿ. ಪ್ರಕಟಣೆಯನ್ನು ಹಿಂದಿನ ದಿನವೇ ಪೂರ್ತಿ ಓದಿ. ಅದರಲ್ಲಿ ಎರಡು ಸಮಯ ಇರುತ್ತದೆ: ತುದಿ ನಿಲ್ದಾಣಗಳಿಂದ ಹೊರಡುವ ಕೊನೆಯ ರೈಲು ಒಂದು, ಮೆಜೆಸ್ಟಿಕ್‌ನಿಂದ ಹೊರಡುವುದು ಇನ್ನೊಂದು. ಹಸಿರು ಮಾರ್ಗಕ್ಕೆ ಬದಲಾಗುವುದಾದರೆ ತುಮಕೂರಿನವರು ನೋಡಬೇಕಾದ್ದು ಎರಡನೆಯದನ್ನು.

ಒಂದು ನಿಲ್ದಾಣ ಹಿಂದಕ್ಕೆ ನಡೆಯಿರಿ

ಕ್ರೀಡಾಂಗಣಕ್ಕೆ ಅಂಟಿಕೊಂಡಿರುವುದು ಕಬ್ಬನ್ ಪಾರ್ಕ್ ನಿಲ್ದಾಣ. ಆದ್ದರಿಂದಲೇ ಎಲ್ಲರೂ ಅಲ್ಲಿಗೆ ನುಗ್ಗುತ್ತಾರೆ. ಅದು ನೆಲದಡಿಯ ನಿಲ್ದಾಣ. ಒಳಗೆ ಜನ ತುಂಬಿದರೆ ಭದ್ರತಾ ಸಿಬ್ಬಂದಿ ಬಾಗಿಲು ಹಾಕಿ ಸ್ವಲ್ಪ ಸ್ವಲ್ಪ ಜನರನ್ನೇ ಬಿಡುತ್ತಾರೆ. ಬೇಕಾದ ಕ್ರಮವೇ ಅದು, ಆದರೆ ಹೊರಗೆ ನಿಂತವರ ಬಸ್ ತಪ್ಪುತ್ತದೆ.

ಇದಕ್ಕೆ ಉಪಾಯ, ರೈಲು ಬರುವ ದಿಕ್ಕಿಗೆ ಎದುರಾಗಿ ಒಂದು ನಿಲ್ದಾಣ ನಡೆದು ಅಲ್ಲಿ ಹತ್ತುವುದು. ರೈಲು ಕಬ್ಬನ್ ಪಾರ್ಕಿಗೆ ಬಂದು ತುಂಬುವ ಮೊದಲೇ ನೀವು ಒಳಗಿರುತ್ತೀರಿ.

ತುಮಕೂರು, ಚಿಕ್ಕಬಳ್ಳಾಪುರದವರು ಮೆಜೆಸ್ಟಿಕ್ ಕಡೆ ಹೋಗಬೇಕು. ಆ ರೈಲು ವೈಟ್‌ಫೀಲ್ಡ್ ಕಡೆಯಿಂದ ಬರುತ್ತದೆ, ಕಬ್ಬನ್ ಪಾರ್ಕಿಗಿಂತ ಮೊದಲು ಎಂ.ಜಿ. ರಸ್ತೆಯಲ್ಲಿ ನಿಲ್ಲುತ್ತದೆ. ಹಾಗಾಗಿ ಅನಿಲ್ ಕುಂಬ್ಳೆ ವೃತ್ತಕ್ಕೆ ಬಂದು ಎಂ.ಜಿ. ರಸ್ತೆ ಹಿಡಿದು ಆ ನಿಲ್ದಾಣಕ್ಕೆ ನಡೆಯಿರಿ. ಫಲಕದಲ್ಲಿ 'ಚಲ್ಲಘಟ್ಟ' ಎಂದಿರುವ ರೈಲು ನಿಮ್ಮದು.

ಕೋಲಾರದವರಿಗೆ ಇದು ತಿರುವುಮುರುವು. ವೈಟ್‌ಫೀಲ್ಡ್ ಕಡೆ ಹೋಗುವ ರೈಲು ಮೆಜೆಸ್ಟಿಕ್‌ನಿಂದ ಬರುತ್ತದೆ. ಎಂ.ಜಿ. ರಸ್ತೆಗೆ ನಡೆದರೆ ಕಬ್ಬನ್ ಪಾರ್ಕಿನಲ್ಲಿ ತುಂಬಿ ಬಂದ ರೈಲು ಸಿಗುತ್ತದೆ. ನೀವು ಮಿನ್ಸ್ಕ್ ಚೌಕದಿಂದ ಅಂಬೇಡ್ಕರ್ ವೀಧಿ ಹಿಡಿದು, ಜಿಪಿಒ ದಾಟಿ, ವಿಧಾನಸೌಧ ನಿಲ್ದಾಣಕ್ಕೆ ಹೋಗಿ. ಒಂದು ಕಿಲೋಮೀಟರಿನ ಆಸುಪಾಸು ದೂರ. ಅಗಲವಾದ, ದೀಪವಿರುವ ರಸ್ತೆ. ಕಬ್ಬನ್ ಪಾರ್ಕಿನ ಒಳಗಿಂದ ಅಡ್ಡದಾರಿ ಹಿಡಿಯಬೇಡಿ. ಕತ್ತಲು, ಮೇಲಾಗಿ ಎಷ್ಟೋ ಗೇಟುಗಳು ಮುಚ್ಚಿರುತ್ತವೆ.

ಜನ ಒತ್ತಿಕೊಂಡು ನಿಂತ ಕಡೆ ಹೇಗಿರಬೇಕು ಎಂಬುದನ್ನೂ ಇಲ್ಲೇ ಹೇಳಬೇಕು. 2025ರ ಜೂನ್ 4ರಂದು ಇದೇ ಕ್ರೀಡಾಂಗಣದ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಇಂಥ ಒತ್ತಡದಲ್ಲಿ ಜೀವ ಹೋಗುವುದು ಹೆಚ್ಚಾಗಿ ಎದೆ ಒತ್ತಿ ಉಸಿರು ಕಟ್ಟುವುದರಿಂದ. ಮುಂದಿನವರ ಬೆನ್ನು ನಿಮ್ಮ ಎದೆಗೆ ತಾಗುವಷ್ಟು ಹತ್ತಿರವಾದರೆ ಇನ್ನು ಮುಂದಕ್ಕೆ ಹೋಗಬೇಡಿ, ಅಡ್ಡಡ್ಡಲಾಗಿ ಅಂಚಿಗೆ ಸರಿಯಿರಿ. ಎರಡೂ ಕೈ ಮಡಚಿ ಎದೆಯ ಮುಂದೆ ಇಟ್ಟುಕೊಂಡರೆ ಉಸಿರಾಡಲು ಜಾಗ ಉಳಿಯುತ್ತದೆ. ಬಿದ್ದ ವಸ್ತು ಎತ್ತಲು ಬಗ್ಗಲೇಬಾರದು, ಅದು ಮೊಬೈಲೇ ಆಗಿರಲಿ. ಮಕ್ಕಳ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇರಲಿ. ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಎಂಬುದನ್ನು ಒಳಹೋಗುವ ಮೊದಲೇ ಗೊತ್ತುಮಾಡಿ. ಎಂ.ಜಿ. ರಸ್ತೆಗೆ ಹೋಗುವವರಿಗೆ ಗಾಂಧಿ ಪ್ರತಿಮೆ ಒಳ್ಳೆಯ ಗುರುತು. ಕ್ರೀಡಾಂಗಣದ ಗೇಟನ್ನು ಮಾತ್ರ ಸೇರುವ ಜಾಗ ಮಾಡಿಕೊಳ್ಳಬೇಡಿ.

ತುಮಕೂರಿಗೆ

ಮೂರು ಊರುಗಳಲ್ಲಿ ರಾತ್ರಿ ಬಸ್ಸಿನ ಸೌಕರ್ಯ ಹೆಚ್ಚು ಇರುವುದು ತುಮಕೂರಿಗೆ, ಯಾಕೆಂದರೆ ಶಿವಮೊಗ್ಗ, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಹೊಸಪೇಟೆ ಕಡೆಯ ಬಸ್ಸೆಲ್ಲ ಇದೇ ದಾರಿ. ಗೊಂದಲ ಹೆಚ್ಚು ಇರುವುದೂ ಇಲ್ಲಿಯೇ.

ಮೊದಲನೆಯದು ಎಲ್ಲಿ ಹತ್ತಬೇಕು ಎಂಬುದು. ಮೆಜೆಸ್ಟಿಕ್‌ನಲ್ಲಿ ಇಳಿದು ಬಸ್ ಹಿಡಿಯಬಹುದು, ಅಥವಾ ಹಸಿರು ಮಾರ್ಗಕ್ಕೆ ಬದಲಾಗಿ ಮಾದಾವರ ಕಡೆಯ ರೈಲಿನಲ್ಲಿ ಗೊರಗುಂಟೆಪಾಳ್ಯಕ್ಕೆ ಹೋಗಿ ಅಲ್ಲಿ ಹತ್ತಬಹುದು. ಸಂಜೆ ಏಳೆಂಟು ಗಂಟೆಗೆ ಗೊರಗುಂಟೆಪಾಳ್ಯವೇ ಲೇಸು. ಮೆಜೆಸ್ಟಿಕ್‌ನಿಂದ ಅಲ್ಲಿಗೆ ಬರುವ ಟ್ರಾಫಿಕ್ ಪೂರ್ತಿ ಉಳಿಯುತ್ತದೆ. ರಾತ್ರಿ ಹನ್ನೊಂದರ ಮೇಲೆ ಮೆಜೆಸ್ಟಿಕ್ಕೇ ಸರಿ. ಆ ಹೊತ್ತಿಗೆ ರಸ್ತೆ ಖಾಲಿ, ಉಳಿಯುವ ಸಮಯ ಏನೂ ಇಲ್ಲ. ಬಸ್ಸು ಹೊರಡುವ ಜಾಗದಲ್ಲಿ ಸೀಟು ಸಿಗುತ್ತದೆ, ಗೊರಗುಂಟೆಪಾಳ್ಯದಲ್ಲಿ ತುಂಬಿ ಬಂದ ಬಸ್ಸು ಕೈ ಅಡ್ಡ ಹಾಕಿದರೂ ನಿಲ್ಲುವುದಿಲ್ಲ.

ಗೊರಗುಂಟೆಪಾಳ್ಯ ದಾಟಿ ಪೀಣ್ಯ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿಯಲ್ಲಿ ಇಳಿದು ಕಾಯುವುದು ಬಹಳ ಜನ ಮಾಡುವ ತಪ್ಪು. ದೂರದ ಬಸ್ಸುಗಳು ಗೊರಗುಂಟೆಪಾಳ್ಯದಲ್ಲೇ ಮೇಲ್ಸೇತುವೆ ಹತ್ತಿ ನಾಗಸಂದ್ರದ ಹತ್ತಿರ ಇಳಿಯುತ್ತವೆ. ನೀವು ಕೆಳಗೆ ಕಾಯುತ್ತಿರುವಾಗ ಬಸ್ಸು ತಲೆಯ ಮೇಲೆ ಹೋಗಿರುತ್ತದೆ.

ಎರಡನೆಯದು ಯಾವ ಬಸ್ಸು ಎಂಬುದು. ಬೋರ್ಡಿನಲ್ಲಿ ತುಮಕೂರು ಎಂದೇ ಇದ್ದರೆ ಯೋಚನೆ ಇಲ್ಲ. ಅದು ಇಲ್ಲದಿದ್ದರೆ ತಿಪಟೂರು, ಅರಸೀಕೆರೆ, ಶಿವಮೊಗ್ಗದ ಬಸ್ಸು ನೋಡಿ. ಗುಬ್ಬಿ ಗೇಟಿನ ದಾರಿ ಹಿಡಿಯಬೇಕಾದ್ದರಿಂದ ಅವು ಊರೊಳಗೆ ಬರುವ ಸಾಧ್ಯತೆ ಹೆಚ್ಚು. ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ ಬಸ್ಸುಗಳು ಶಿರಾ ದಾರಿಯವು, ರಾತ್ರಿ ಹೊತ್ತು ಬೈಪಾಸಿನಲ್ಲೇ ಹೋಗಿಬಿಡುತ್ತವೆ. ಹತ್ತುವಾಗ ಕೇಳಬೇಕಾದ ಪ್ರಶ್ನೆ 'ತುಮಕೂರು ಹೋಗುತ್ತಾ?' ಎಂದಲ್ಲ, ಅದಕ್ಕೆ ಎಲ್ಲರೂ ಹೌದು ಅನ್ನುತ್ತಾರೆ. 'ಸ್ಟ್ಯಾಂಡ್ ಒಳಗೆ ಹೋಗುತ್ತಾ, ಬೈಪಾಸಾ?' ಎಂದು ಕೇಳಿ. ಬೈಪಾಸ್ ಅಂದರೆ ಕ್ಯಾತ್ಸಂದ್ರ ಅಥವಾ ಬಟವಾಡಿಯಲ್ಲಿ ಇಳಿಸಲು ಮೊದಲೇ ಹೇಳಿ, ಮನೆಯವರನ್ನು ಅಲ್ಲಿಗೇ ಕರೆಸಿಕೊಳ್ಳಿ.

ಹಾಸನ, ಮಂಗಳೂರು, ಧರ್ಮಸ್ಥಳದ ಬಸ್ಸು ನೆಲಮಂಗಲದಲ್ಲಿ ಎಡಕ್ಕೆ ತಿರುಗಿ ಕುಣಿಗಲ್ ದಾರಿ ಹಿಡಿಯುತ್ತದೆ. ಕುಣಿಗಲ್ಲಿನವರಿಗೆ ಅದೇ ಬೇಕು, ತುಮಕೂರಿನವರಿಗೆ ಬೇಡ. ಕೊರಟಗೆರೆ, ಮಧುಗಿರಿಯವರು ತುಮಕೂರಿಗೆ ಬಂದು ಸಿಕ್ಕಿಹಾಕಿಕೊಳ್ಳುವ ಬದಲು ದಾಬಸ್‌ಪೇಟೆ ಮೇಲೆ ಹೋಗುವ ಮಧುಗಿರಿ, ಪಾವಗಡದ ಬಸ್ಸು ಇದೆಯೇ ಎಂದು ಮೆಜೆಸ್ಟಿಕ್‌ನಲ್ಲೇ ವಿಚಾರಿಸಬೇಕು.

ಶುಕ್ರವಾರ, ಶನಿವಾರ, ಯುಗಾದಿಯಂಥ ಹಬ್ಬದ ಹಿಂದಿನ ರಾತ್ರಿ ದೂರದ ಬಸ್ಸಿನವರು ತುಮಕೂರಿನವರನ್ನು ಹತ್ತಿಸಿಕೊಳ್ಳುವುದಿಲ್ಲ. ತುಮಕೂರಿಗೆ ಒಂದು ಸೀಟು ಕೊಟ್ಟರೆ ಅಲ್ಲಿಂದ ಹುಬ್ಬಳ್ಳಿವರೆಗೆ ಅದು ಖಾಲಿ ಓಡಬೇಕಲ್ಲ ಎಂಬ ಲೆಕ್ಕ ಅವರದು. ಜಗಳ ಆಡಿ ಪ್ರಯೋಜನವಿಲ್ಲ. ಬಸ್ಸು ಹೊರಡುವ ಕೊನೆಯ ಐದು ನಿಮಿಷದಲ್ಲಿ ಮತ್ತೆ ಹೋಗಿ ಕೇಳಿ. ಸೀಟು ಉಳಿದಿದ್ದರೆ ಕೊಡುತ್ತಾರೆ, ಇಲ್ಲವೇ ನಿಂತು ಬರಲು ಒಪ್ಪಿದರೆ ಕೆಲವರು ಬಿಡುತ್ತಾರೆ. ಅಂಥ ದಿನಗಳಲ್ಲಿ ಅಂಕಣದ ಸಂಚಾರ ನಿಯಂತ್ರಕರನ್ನು ಕಂಡು, ತುಮಕೂರಿನವರು ಹದಿನೈದು ಇಪ್ಪತ್ತು ಜನ ಒಟ್ಟಿಗೆ ನಿಂತಿದ್ದೇವೆ ಎಂದು ತಿಳಿಸಿ. ಒಬ್ಬೊಬ್ಬರೇ ಓಡಾಡುವುದಕ್ಕಿಂತ ಗುಂಪಾಗಿ ಕೇಳಿದರೆ ಮುಂದಿನ ಬಸ್ಸಿನ ವಿಷಯವಾದರೂ ಖಚಿತವಾಗಿ ಗೊತ್ತಾಗುತ್ತದೆ.

ಮಧ್ಯಾಹ್ನದ ಪಂದ್ಯಕ್ಕೆ ರೈಲೂ ಆಗುತ್ತದೆ. ಹುಬ್ಬಳ್ಳಿ ಕಡೆಯ ಹಲವು ರೈಲುಗಳು ಕೆಎಸ್‌ಆರ್ ಬೆಂಗಳೂರು, ಯಶವಂತಪುರದಿಂದ ತುಮಕೂರಿಗೆ ಬಂದೇ ಹೋಗುತ್ತವೆ. ಮೊಬೈಲಿನಲ್ಲಿ ಜನರಲ್ ಟಿಕೆಟ್ ತೆಗೆಯುವುದಾದರೆ ನಿಲ್ದಾಣದ ಆವರಣಕ್ಕೆ ಕಾಲಿಡುವ ಮೊದಲೇ ತೆಗೆಯಿರಿ. ಒಳಗೆ ಬಂದ ಮೇಲೆ ಅಲ್ಲಿ ಅಂಟಿಸಿರುವ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡದೆ ಟಿಕೆಟ್ ಬರುವುದಿಲ್ಲ. ಇಷ್ಟು ಕಡಿಮೆ ದೂರದ ಟಿಕೆಟ್ ತೆಗೆದ ಮೂರು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು, ಆದ್ದರಿಂದ ಬೆಳಿಗ್ಗೆಯೇ ತೆಗೆದಿಟ್ಟರೆ ಉಪಯೋಗವಿಲ್ಲ. ಸೂಪರ್‌ಫಾಸ್ಟ್ ರೈಲು ಹತ್ತುವುದಾದರೆ ಅದರದೇ ಟಿಕೆಟ್ ಆಗಬೇಕು.

ಕೋಲಾರಕ್ಕೆ

ಕೋಲಾರದವರು ಮೆಜೆಸ್ಟಿಕ್‌ಗೆ ಹೋಗಬೇಕೆಂದೇ ಇಲ್ಲ. ನೇರಳೆ ಮಾರ್ಗ ನಿಮ್ಮ ದಾರಿಯಲ್ಲೇ ಇದೆ. ವಿಧಾನಸೌಧದಲ್ಲಿ ಹತ್ತಿ ಬೆನ್ನಿಗಾನಹಳ್ಳಿ ಅಥವಾ ಕೆ.ಆರ್. ಪುರದಲ್ಲಿ ಇಳಿದರೆ ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣ ಹತ್ತಿರ. ಮುಳಬಾಗಿಲು, ತಿರುಪತಿ, ಚಿತ್ತೂರು, ಚೆನ್ನೈ ಕಡೆಯ ಬಸ್ಸು ಅಲ್ಲಿ ಹಾಯುತ್ತವೆ. ಮೆಟ್ರೊದಿಂದ ಇಳಿಯುವಾಗ ಹೊಸಕೋಟೆ ಕಡೆ ಹೋಗುವ ಪಕ್ಕದ ದ್ವಾರ ಯಾವುದೆಂದು ಒಳಗೇ ಕೇಳಿಕೊಳ್ಳಿ. ತಪ್ಪು ಪಕ್ಕ ಇಳಿದು ಹಳೇ ಮದ್ರಾಸ್ ರಸ್ತೆಯನ್ನು ಮಧ್ಯರಾತ್ರಿ ಕಾಲ್ನಡಿಗೆಯಲ್ಲಿ ದಾಟುವುದು ಬಹಳ ಅಪಾಯ. ಸೇತುವೆಯಿಂದ ಇಳಿದು ಬರುವ ಲಾರಿಗಳಿಗೆ ವೇಗ ಹೆಚ್ಚು.

ಇಲ್ಲಿನ ತೊಂದರೆ ಏನೆಂದರೆ ಬಸ್ಸು ಮೆಜೆಸ್ಟಿಕ್‌ನಲ್ಲೇ ತುಂಬಿ ಬಂದಿರುತ್ತದೆ. ಒಬ್ಬಿಬ್ಬರಿದ್ದರೆ ನಿಂತಾದರೂ ಬರಬಹುದು. ಐದಾರು ಜನರ ಸಂಸಾರವಾಗಿದ್ದರೆ, ಮಕ್ಕಳಿದ್ದರೆ, ಸ್ವಲ್ಪ ಹಿಂದಕ್ಕೆ ಹೋದಂತಾದರೂ ಮೆಜೆಸ್ಟಿಕ್‌ಗೆ ಹೋಗಿ ಸೀಟು ಹಿಡಿಯುವುದು ಲೇಸು. ತಿರುಪತಿ, ಚೆನ್ನೈ ಬಸ್ಸುಗಳು ಕೋಲಾರದ ಊರೊಳಗೆ ಹೋಗದೆ ಹೆದ್ದಾರಿಯಲ್ಲೇ ಇಳಿಸುತ್ತವೆ, ಆದ್ದರಿಂದ ಬೈಪಾಸಿನ ಪ್ರಶ್ನೆ ಇಲ್ಲೂ ಕೇಳಲೇಬೇಕು. ಚಿಂತಾಮಣಿಯವರು ಜಿಲ್ಲೆ ಚಿಕ್ಕಬಳ್ಳಾಪುರ ಎಂದು ಹೆಬ್ಬಾಳದ ಕಡೆ ಹೋಗಬಾರದು. ಹೊಸಕೋಟೆ ಮೇಲೆ ಹೋಗುವ ನಿಮ್ಮ ಬಸ್ಸೂ ಇದೇ ದಾರಿಯದು.

ಬಂಗಾರಪೇಟೆ, ಮಾಲೂರು, ಕೆಜಿಎಫ್‌ನವರು ರೈಲು ನೋಡಬಹುದು. ಕೆ.ಆರ್. ಪುರ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ರೈಲು ನಿಲ್ದಾಣವಿದೆ. ಮಧ್ಯಾಹ್ನದ ಪಂದ್ಯಕ್ಕೆ ಇದು ಚೆನ್ನಾಗಿ ಹೊಂದುತ್ತದೆ, ರಾತ್ರಿ ಪಂದ್ಯಕ್ಕೆ ಇದನ್ನು ನೆಚ್ಚಿಕೊಳ್ಳಬೇಡಿ.

ಚಿಕ್ಕಬಳ್ಳಾಪುರಕ್ಕೆ

ದೂರ ಕಡಿಮೆ, ಆದರೆ ಹೆಬ್ಬಾಳದ ಕಡೆಗೆ ಮೆಟ್ರೊ ಇನ್ನೂ ಓಡುತ್ತಿಲ್ಲ. ಹಾಗಾಗಿ ಮೆಜೆಸ್ಟಿಕ್‌ಗೆ ಹೋಗಿ ಬಾಗೇಪಲ್ಲಿ, ಅನಂತಪುರ, ಹೈದರಾಬಾದ್ ಕಡೆಯ ಬಸ್ಸು ಹಿಡಿಯುವುದೇ ನೇರ ದಾರಿ. ದೇವನಹಳ್ಳಿಯಲ್ಲೂ ಚಿಕ್ಕಬಳ್ಳಾಪುರದಲ್ಲೂ ಹೆದ್ದಾರಿ ಊರ ಹೊರಗೇ ಹಾಯುವುದರಿಂದ ಎಲ್ಲಿ ಇಳಿಸುತ್ತಾರೆ ಎಂದು ಹತ್ತುವಾಗಲೇ ತಿಳಿದುಕೊಳ್ಳಿ.

ಮೆಜೆಸ್ಟಿಕ್‌ನಿಂದ ಹೆಬ್ಬಾಳಕ್ಕೆ ಬಿಎಂಟಿಸಿಯ ವಾಯುವಜ್ರ ಬಸ್ಸು ರಾತ್ರಿಯಿಡೀ ಇದೆ, ವಿಮಾನ ನಿಲ್ದಾಣದ್ದು. ಆದರೆ ಅದರಲ್ಲಿ ಕೊನೆಯವರೆಗೆ ಕುಳಿತರೆ ಕೆಟ್ಟಿರಿ. ದೇವನಹಳ್ಳಿ ಬರುವ ಮೊದಲೇ ಅದು ಹೆದ್ದಾರಿ ಬಿಟ್ಟು ವಿಮಾನ ನಿಲ್ದಾಣಕ್ಕೆ ತಿರುಗುತ್ತದೆ, ಅಲ್ಲಿಂದ ನಿಮ್ಮ ಊರಿನ ಬಸ್ಸು ಸಿಗುವುದು ಕಷ್ಟ. ಗೌರಿಬಿದನೂರಿನವರ ದಾರಿ ದೊಡ್ಡಬಳ್ಳಾಪುರದ ಮೇಲೆ, ಅವರು ಈ ಬಸ್ಸುಗಳನ್ನು ಹತ್ತಬಾರದು.

ಹೆಣ್ಣುಮಕ್ಕಳ ಟಿಕೆಟ್ ವಿಷಯ

2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ, ವೇಗದೂತ ಬಸ್ಸುಗಳಿಗೆ ಮಾತ್ರ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಲ್ಲಿ ನಡೆಯುವುದಿಲ್ಲ. ಹೊರರಾಜ್ಯಕ್ಕೆ ಹೋಗುವ ಬಸ್ಸಿನಲ್ಲೂ ಇಲ್ಲ. ಮಧ್ಯರಾತ್ರಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಿಗುವ ಬಸ್ಸುಗಳಲ್ಲಿ ಬಹಳಷ್ಟು ಆಂಧ್ರ, ತಮಿಳುನಾಡಿನವು, ಆದ್ದರಿಂದ ಉಚಿತ ಎಂದು ಬರಿಗೈಯಲ್ಲಿ ಹೊರಡಬೇಡಿ, ಟಿಕೆಟಿನ ದುಡ್ಡು ಇರಲಿ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿಯನ್ನು ಮೊಬೈಲಿನಲ್ಲಷ್ಟೇ ಇಟ್ಟುಕೊಂಡರೆ ಚಾರ್ಜು ಮುಗಿದಾಗ ತೋರಿಸಲು ಏನೂ ಇರುವುದಿಲ್ಲ.

ಬಸ್ಸು ತಪ್ಪಿದರೆ

ಪಂದ್ಯದ ರಾತ್ರಿ ಬಿಎಂಟಿಸಿ ಬಿಡುವ ವಿಶೇಷ ಬಸ್ಸುಗಳಲ್ಲಿ ನೆಲಮಂಗಲ, ಹೊಸಕೋಟೆ, ಯಲಹಂಕದ ಕಡೆಯವೂ ಇರುತ್ತವೆ. 'ಅರ್ಧ ದಾರಿ ಆದರೂ ಆಗಲಿ' ಎಂದು ಹತ್ತಲು ಮನಸ್ಸಾಗುತ್ತದೆ. ಅಲ್ಲಿಂದ ಮುಂದಕ್ಕೆ ಕರೆದೊಯ್ಯಲು ಯಾರಾದರೂ ಬರುವುದು ಖಚಿತವಿದ್ದರೆ ಮಾತ್ರ ಹತ್ತಿ. ನೆಲಮಂಗಲದಲ್ಲಾಗಲಿ ಹೊಸಕೋಟೆಯಲ್ಲಾಗಲಿ ದೂರದ ಬಸ್ಸು ಹೆದ್ದಾರಿಯ ಮೇಲೆಯೇ ಹೋಗುತ್ತದೆ, ರಾತ್ರಿ ಒಂದು ಗಂಟೆಗೆ ನೀವು ಊರೊಳಗೆ ನಿಂತಿರುತ್ತೀರಿ. ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುವುದಕ್ಕಿಂತ ಮೆಜೆಸ್ಟಿಕ್‌ನಲ್ಲಿ ಕಾಯುವುದು ಸಾವಿರ ಪಾಲು ವಾಸಿ. ದೀಪವಿದೆ, ಪೊಲೀಸರಿದ್ದಾರೆ, ಶೌಚಾಲಯವಿದೆ, ಬೆಳಗಿನ ಜಾವದ ಮೊದಲ ಬಸ್ಸು ಹೊರಡುವುದೂ ಅಲ್ಲಿಂದಲೇ.

ನಿಲ್ದಾಣದ ಹೊರಗೆ 'ತುಮ್ಕೂರ್, ತುಮ್ಕೂರ್' ಎಂದು ಕೂಗುವ ಬಿಳಿ ಬೋರ್ಡಿನ ಕಾರು ಹತ್ತಬೇಡಿ. ಬಾಡಿಗೆಗೆ ಜನ ಸಾಗಿಸುವ ಪರವಾನಗಿ ಅದಕ್ಕಿಲ್ಲ, ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಹಳದಿ ಬೋರ್ಡಿನ ಟ್ಯಾಕ್ಸಿಯನ್ನು ನಾಲ್ಕು ಜನ ಸೇರಿ ಮಾಡಿಕೊಂಡರೆ ಹತ್ತುವ ಮೊದಲೇ ಟೋಲ್ ಸೇರಿ ಎಷ್ಟು ಎಂದು ಮಾತಾಡಿ, ಗಾಡಿ ನಂಬರಿನ ಫೋಟೊ ಮನೆಗೆ ಕಳಿಸಿ. ತೊಂದರೆಯಾದರೆ 112ಕ್ಕೆ ಕರೆ ಮಾಡಿ, ರೈಲಿನಲ್ಲಿದ್ದರೆ 139.

ಇನ್ನು ಊರಿಗೆ ಬಂದ ಮೇಲಿನ ಕೊನೆಯ ಮೂರು ಕಿ.ಮೀ. ರಾತ್ರಿ ಎರಡಕ್ಕೆ ಆಟೊ ಸಿಗುತ್ತದೆ ಎಂಬ ನೆಚ್ಚಿಕೆ ಬೇಡ. ಬೆಳಿಗ್ಗೆ ಗಾಡಿಯನ್ನು ಬಸ್ ಸ್ಟ್ಯಾಂಡಿನ ಪಾರ್ಕಿಂಗಿನಲ್ಲಿ ಬಿಟ್ಟು ಹೋಗುವುದಾದರೆ, ರಾತ್ರಿಯೂ ತೆರೆದಿರುತ್ತದೆಯೇ ಎಂದು ಚೀಟಿ ಹರಿಯುವವರನ್ನೇ ಕೇಳಿ. ಬಾಗಿಲು ಹಾಕುವ ಕಡೆ ಬಿಟ್ಟು ಹೋದರೆ ಗಾಡಿ ಒಳಗೆ, ನೀವು ಹೊರಗೆ. ಬೈಪಾಸಿನಲ್ಲಿ ಇಳಿಯಬೇಕಾಗಬಹುದು ಎಂದಿದ್ದರೆ ಗಾಡಿ ಸ್ಟ್ಯಾಂಡಿನಲ್ಲಿದ್ದೂ ಪ್ರಯೋಜನವಿಲ್ಲ. ಕರೆದುಕೊಂಡು ಹೋಗಲು ಬರುವವರಿಗೆ ನೆಲಮಂಗಲ, ಹೊಸಕೋಟೆ ಅಥವಾ ದೇವನಹಳ್ಳಿ ದಾಟಿದಾಗ ಒಂದು ಫೋನ್ ಮಾಡಿ, ಅವರು ಹೊರಡಲು ಅಷ್ಟು ಹೊತ್ತು ಸಾಕು.